ಕೈ ಹಿಡಿದು ಹೇಳಿದ ಮಾತು

ನನ್ನ ಕೈಯನ್ನು ನನ್ನ ಗಂಡನಿಗಿಂತ ಹೆಚ್ಚು ಸಲ ಹಿಡಿದವಳು ಬಳಿಗಾರ ಬೂಬು. ಇದನ್ನು ಗಂಡನ ಎದುರಿಗೇ ಹೇಳಿದ್ದೇನೆ, ಅವರೂ ಒಪ್ಪಿದ್ದಾರೆ. ಮದುವೆಯಾಗಿ ಅತ್ತಿವೇರಿ ಕಡೆಯ ಈ ಊರಿಗೆ ಬಂದ ಮೊದಲ ವಾರವೇ ಆಕೆ ನಮ್ಮ ಪಡಸಾಲೆಯಲ್ಲಿ ಕೂತು, ನನ್ನ ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಬೆರಳಿನ ಗಿಣ್ಣುಗಳನ್ನು ಒತ್ತಿ ನೋಡಿ, "ಎರಡು ನಾಕು. ಗಟ್ಟಿ ಅದಾವ, ಆದ್ರ ಬಗ್ಗತಾವ" ಎಂದು ನಮ್ಮತ್ತೆಗೆ ವರದಿ ಒಪ್ಪಿಸಿದ್ದಳು. ಎರಡು ನಾಕು ಅಂದರೆ ಬಳೆಯ ಅಳತೆ. ಉಳಿದದ್ದು ಕೈಯ ಬಗ್ಗೆ ಹೇಳಿದ್ದೋ ಸೊಸೆಯ ಬಗ್ಗೆ ಹೇಳಿದ್ದೋ ಅತ್ತೆಗೇ ಗೊತ್ತು.

ಆಕೆ ತೀರಿಕೊಂಡು ಒಂದು ತಿಂಗಳಾಯಿತು. ಬೆಳಿಗ್ಗೆ ಎದೆ ಹಿಡಿದುಕೊಂಡಂತಾಗಿದೆ ಅಂದವಳು ಮಧ್ಯಾಹ್ನಕ್ಕೆ ಇರಲಿಲ್ಲವಂತೆ. ಹೆಸರು ಬರೆಯುವುದಿಲ್ಲ, ಬೂಬು ಎಂಬುದು ನಮ್ಮ ಕಡೆ ಮುಸಲ್ಮಾನ ಹೆಂಗಸರನ್ನು ಕರೆಯುವ ಮಾತಷ್ಟೇ. ಆಕೆಯ ಮಗ ಸೊಸೆ ಮುಂಡಗೋಡದಲ್ಲೇ ಇದ್ದಾರೆ. ಮೇಲಾಗಿ ಈ ಕಥೆಯಲ್ಲಿ ಮಾನ ಹೋಗುವುದಿದ್ದರೆ ನನ್ನದು, ಅದಕ್ಕೆ ಆಕೆಯ ಹೆಸರೇಕೆ.

ವಾರಕ್ಕೊಮ್ಮೆ ಮುಂಡಗೋಡದ ಬಸ್ಸಿನಿಂದ ಇಳಿಯುತ್ತಿದ್ದಳು. ಹೆಗಲ ಮೇಲೆ ದಾರಕ್ಕೆ ಪೋಣಿಸಿದ ಬಳೆಗಳ ಮಲಾರ, ಕೈಯಲ್ಲಿ ರಟ್ಟಿನ ಡಬ್ಬಿಗಳ ಚೀಲ, ಚೀಲದ ಬಾಯಲ್ಲಿ ಸೋಪಿನ ನೀರು ತುಂಬಿದ ಒಂದು ಸಣ್ಣ ಸ್ಟೀಲ್ ಡಬ್ಬಿ. ಬೆರಳನ್ನು ಆ ನೀರಲ್ಲಿ ಅದ್ದಿ, ಕೈಗೆ ಸವರಿ, ಬಳೆ ಏರಿಸುವಳು. ಏರಿಸುವಾಗ ಬಳೆಯನ್ನೂ ನೋಡುತ್ತಿರಲಿಲ್ಲ, ಕೈಯನ್ನೂ ನೋಡುತ್ತಿರಲಿಲ್ಲ, ನಮ್ಮ ಮುಖವನ್ನೇ ನೋಡುತ್ತಿದ್ದಳು. ಯಾಕೆ ಹಾಗೆ ಎಂದು ಕೇಳಿದ್ದಕ್ಕೆ, "ನೋವು ಆದ್ರ ಕೈ ಹೇಳಂಗಿಲ್ರಿ, ಮಾರಿ ಹೇಳತೈತಿ" ಅಂದಿದ್ದಳು. ಆಕೆಯ ಕೈಯಲ್ಲಿ ಬಳೆ ಒಡೆದದ್ದನ್ನು ನಾನು ಬಹಳ ಕಡಿಮೆ ನೋಡಿದ್ದೇನೆ.

ಬಳೆ ಇಡಿಸಿಕೊಂಡ ಮೇಲೆ ಬಳಿಗಾರರಿಗೆ ನಮಸ್ಕಾರ ಮಾಡುವುದು ನಮ್ಮ ಕಡೆಯ ಪದ್ಧತಿ. ನಮ್ಮತ್ತೆ ಲಿಂಗಪೂಜೆಯಾಗದೆ ಚಹಾ ಸಹ ಕುಡಿಯದ ಹೆಂಗಸು, ಅಡುಗೆಮನೆಯ ಹೊಸ್ತಿಲಿಗೆ ಬೇರೆಯವರ ನೆರಳು ಬಿದ್ದರೂ ಹುಬ್ಬು ಗಂಟಿಕ್ಕುವವರು. ಅವರು ವರ್ಷಕ್ಕೆ ನಾಲ್ಕು ಸಲ ಆ ಮುಸಲ್ಮಾನ ಹೆಂಗಸಿನ ಮುಂದೆ ಸೆರಗು ಹೊದ್ದು ಬಗ್ಗುತ್ತಿದ್ದರು. ಬೂಬು ಅವರ ತಲೆ ಮುಟ್ಟಿ, "ಹತ್ತು ಕಾಲ ಬಾಳ್ರಿ ಅವ್ವಾರ" ಎನ್ನುತ್ತಿದ್ದಳು. ನಾನು ಬಸುರಿ ಎಂದು ನನಗಿಂತ ಮೊದಲು ತಿಳಿದದ್ದೂ ಆಕೆಗೇ. ಬೆರಳಿನ ಬಾವು ನೋಡಿ ಹೇಳಿದಳು, ಆಮೇಲೆ ನಾನು ಆಸ್ಪತ್ರೆಗೆ ಹೋದೆ. ಹೀಗಾಗಿ ಹೆರಿಗೆ ಬಸಿರಿನ ವಿಷಯದಲ್ಲಿ ನಮ್ಮೂರಿನ ಹೆಂಗಸರಿಗೆ ಡಾಕ್ಟರರ ಮಾತು ಒಂದು ತೂಕವಾದರೆ ಬೂಬುವಿನ ಮಾತು ಇನ್ನೊಂದು ತೂಕ.

ಇಷ್ಟು ಹೇಳಿದ ಮೇಲೆ ನನ್ನ ಸಂಗತಿ ಹೇಳಬೇಕು. ನಾನು ಅಂಗನವಾಡಿ ಟೀಚರ್. ಮಕ್ಕಳಿಗೆ ಸುಳ್ಳು ಹೇಳಬಾರದು ಎಂದು ಕಲಿಸುವುದು ನನ್ನ ಕೆಲಸ. ಕೊರೊನಾ ಬಂದ ಮೊದಲ ವರ್ಷ, ಲಾಕ್‌ಡೌನಿನ ಶುರುವಿನಲ್ಲಿ, ನನ್ನ ಫೋನಿಗೆ ಒಂದು ವಿಡಿಯೋ ಬಂತು. ಯಾವುದೋ ಊರಿನ ಯಾವನೋ ವ್ಯಾಪಾರಿ, ಮುಖವೂ ಸರಿಯಾಗಿ ಕಾಣುವುದಿಲ್ಲ, ಬೆರಳಿಗೆ ಉಗುಳು ಹಚ್ಚಿಕೊಂಡು ಸಾಮಾನು ಕೊಡುತ್ತಾನೆ. ಇವರೆಲ್ಲ ಬೇಕಂತಲೇ ರೋಗ ಹಬ್ಬಿಸುತ್ತಿದ್ದಾರೆ, ಮನೆಗೆ ಸೇರಿಸಬೇಡಿ ಎಂದು ಕೆಳಗೆ ಬರೆದಿತ್ತು. ಅದನ್ನು ನಾನು ನಲ್ಲಿಯ ಹತ್ತಿರ ಕೆಳಗಿನ ಓಣಿಯ ಹೆಂಗಸರಿಗೆ ತೋರಿಸಿದೆ. ತೋರಿಸಿ ಸುಮ್ಮನಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. "ನಮ್ಮ ಬೂಬುನೂ ಬಳಿ ಇಡಸೂಮುಂದ ಬೆರಳು ಹಸಿ ಮಾಡ್ಕೋತಾಳಲ್ಲ" ಅಂದೆ. ಆಕೆ ಬೆರಳು ಅದ್ದುವುದು ಸೋಪಿನ ನೀರಿಗೆ ಎಂದು ನನಗೆ ಗೊತ್ತಿತ್ತು. ಹದಿನೈದು ವರ್ಷ ಕಣ್ಣಾರೆ ನೋಡಿದ್ದೆ. ಆದರೂ ಅಂದೆ. ಆಗ ಎಲ್ಲರಿಗೂ ಹೆದರಿಕೆ, ಹೆದರಿಕೆಗೆ ಒಂದು ಮುಖ ಬೇಕಾಗಿತ್ತು, ನಾನು ಕೊಟ್ಟೆ.

ಬಸ್ಸು ಮತ್ತೆ ಶುರುವಾದಾಗ ಬೂಬು ಬಂದಳು. ಕೆಳಗಿನ ಓಣಿಯಲ್ಲಿ ಒಂದು ಬಾಗಿಲೂ ತೆರೆಯಲಿಲ್ಲ. ಮೇಲಿನ ಓಣಿಯ ನಮ್ಮ ಮನೆಯ ಮುಂದೆ ನಿಂತಾಗ ನಾನು ಕಿಟಕಿಯಿಂದಲೇ, "ಈಗ ಬ್ಯಾಡ್ರಿ ಬೂಬು, ಸರಕಾರದ ಆರ್ಡರ್ ಐತಿ" ಅಂದೆ. ಅಂಥ ಆರ್ಡರ್ ಯಾವುದೂ ಇರಲಿಲ್ಲ. "ಹಂಗಾರ ಬಿಡ್ರಿ ಟೀಚರ್" ಎಂದು ಹೋದಳು. ನೀರು ಬೇಕೇ ಎಂದೂ ನಾನು ಕೇಳಲಿಲ್ಲ.

ನಾಲ್ಕಾರು ತಿಂಗಳು ಬಿಟ್ಟು ಮತ್ತೆ ಬಂದಳು, ಮೂಗು ಬಾಯಿ ಮುಚ್ಚಿದ ದಪ್ಪ ಬಟ್ಟೆಯ ಮಾಸ್ಕ್ ಹಾಕಿಕೊಂಡು. ಬಳೆಯಿಲ್ಲದೆ ಅತ್ತೆಗೆ ನಡೆಯುವುದಿಲ್ಲ, ನಮ್ಮ ಮನೆ ತೆರೆಯಿತು. ಮೇಲಿನ ಓಣಿಯ ಇನ್ನಷ್ಟು ಮನೆ ತೆರೆದವು. ಕೆಳಗಿನ ಓಣಿ ತೆರೆಯಲಿಲ್ಲ. ಆಕೆ ಕಟ್ಟುನಿಟ್ಟಿನ ಹೆಂಗಸು, ನಮಗೂ ಮಾಸ್ಕ್ ಹಾಕಿಸಿಯೇ ಕೈ ಹಿಡಿಯುವಳು. ಅತ್ತೆ ಮಾಸ್ಕನ್ನು ಗದ್ದಕ್ಕೆ ಇಳಿಸಿ ಕೂತರೆ, "ಗದ್ದಕ್ಕ ರೋಗ ಬರಂಗಿಲ್ರಿ ಅವ್ವಾರ, ಮ್ಯಾಲ ತಗೋರಿ" ಎನ್ನುವಳು. ಅಂಗನವಾಡಿಯಲ್ಲಿ ಮಾಸ್ಕಿನ ಪೋಸ್ಟರ್ ಅಂಟಿಸಿದ ನನಗಿಂತ ಆಕೆಯ ಮಾತೇ ಹೆಚ್ಚು ನಡೆಯಿತು. ಆದರೆ ಒಂದು ತೊಂದರೆಯಾಗಿತ್ತು, ಅದು ನಮಗೆ ಆಮೇಲೆ ತಿಳಿಯಿತು. ನಮ್ಮ ಮುಖ ಆಕೆಗೆ ಕಾಣುತ್ತಿರಲಿಲ್ಲ.

ಲಸಿಕೆ ಬಂತು. ಆಶಾ ಕಾರ್ಯಕರ್ತೆ, ನಾನು, ನರ್ಸ್ ಸಿಸ್ಟರ್, ಮೂವರೂ ಪಟ್ಟಿ ಹಿಡಿದು ಮನೆಮನೆ ಅಲೆದೆವು. ಎರಡು ವರ್ಷಕ್ಕೆ ಸಾಯುತ್ತಾರಂತೆ ಎಂದು ಒಬ್ಬರು, ಕಷಾಯ ಕುಡಿದರೆ ಸಾಕು ಎಂದು ಇನ್ನೊಬ್ಬರು. ಸಿಸ್ಟರ್ ಬಂದಳೆಂದು ಕೇಳಿ ಗದ್ದೆಯ ಕಡೆ ಓಟ ಕಿತ್ತ ಗಂಡಸರಲ್ಲಿ ನಮ್ಮ ಗ್ರಾಮ ಪಂಚಾಯ್ತಿಯ ಮಾಜಿ ಸದಸ್ಯರೊಬ್ಬರೂ ಇದ್ದರು. ಇವರನ್ನೆಲ್ಲ ಹೇಗೋ ಶಾಲೆಯ ಕ್ಯಾಂಪಿಗೆ ಎಳೆದು ತಂದೆವು. ಆದರೆ ಮೇಲಿನ ಓಣಿಯ ಹರೆಯದ ಸೊಸೆಯಂದಿರು ಮಾತ್ರ ಒಬ್ಬರೂ ಬರಲೊಲ್ಲರು. ಎಲ್ಲರ ಬಾಯಲ್ಲೂ ಒಂದೇ ಮಾತು: "ಬೂಬು ಬ್ಯಾಡ ಅಂದಾಳ್ರಿ."

ನನಗೆ ನಖಶಿಖಾಂತ ಉರಿಯಿತು. ಹಾಗಂತ ಆಕೆ ಸೂಜಿ ವಿರೋಧಿಯಲ್ಲ, ತಾನು ಮುಂಡಗೋಡದಲ್ಲಿ ಸರದಿ ನಿಂತು ಹಾಕಿಸಿಕೊಂಡಿದ್ದಳು. "ನಮ್ಮಂಥಾ ಮುದುಕ್ಯಾರಿಗೆ ನಡೀತೈತಿ, ಹಡಿಯೋರಿಗೆ ಬ್ಯಾಡ" ಎಂಬುದು ಆಕೆಯ ವಾದ. ವಿಷಯ ಇಷ್ಟೇ. ಹುಬ್ಬಳ್ಳಿಯಲ್ಲಿ ಕೆಲಸಕ್ಕಿದ್ದ ನಮ್ಮೂರಿನ ಇಬ್ಬರು ಸೊಸೆಯಂದಿರು ಅಲ್ಲಿಯೇ ಲಸಿಕೆ ಹಾಕಿಸಿಕೊಂಡು ಬಂದಿದ್ದರು. ಬೂಬು ಅವರ ಕೈ ಹಿಡಿದರೆ ಎರಡು ಆರಿನ ಬಳೆ ಇಡುತ್ತಿದ್ದವರಿಗೆ ಎರಡು ನಾಕು ಸಲೀಸಾಗಿ ಇಳಿಯಿತು. ಒಂದು ನಂಬರು ಕಡಿಮೆ. ಸೂಜಿ ಮೈಯೊಳಗಿನ ರಕ್ತ ಬತ್ತಿಸುತ್ತದೆ, ರಕ್ತ ಬತ್ತಿದವಳಿಗೆ ಬಸಿರು ನಿಲ್ಲುವುದಿಲ್ಲ ಎಂದು ಆಕೆ ಲೆಕ್ಕ ಹಾಕಿದಳು. ಯಾರ ಫೋನಿನಿಂದಲೂ ಬಂದ ಮಾತಲ್ಲ, ತನ್ನ ಕೈಯಿಂದ ತಾನೇ ಕಂಡುಹಿಡಿದದ್ದು, ಅದಕ್ಕೇ ಅಷ್ಟು ಗಟ್ಟಿಯಾಗಿ ನಂಬಿದ್ದಳು. ಬಳೆ ಇಡಿಸುತ್ತ ಒಬ್ಬೊಬ್ಬರಿಗೇ ಹೇಳಿದಳು.

ಹೇಳಿದ ಮನೆಗಳಲ್ಲಿ ನಮ್ಮ ಮನೆಯೂ ಒಂದು. ನಮ್ಮ ನಾದಿನಿ ಆಗ ಚೊಚ್ಚಲ ಬಸುರಿ, ತವರಿಗೆ ಬಂದಿದ್ದಳು. ಬಸುರಿಯರಿಗೂ ಲಸಿಕೆ ಹಾಕಬಹುದು, ಹಾಕಿಸಿಕೊಳ್ಳುವುದೇ ಒಳ್ಳೆಯದು ಎಂದು ಡಾಕ್ಟರರು ಹೇಳಿದ್ದರು. ಅತ್ತೆ ಕೇಳಲಿಲ್ಲ, ತಾವೂ ಹಾಕಿಸಿಕೊಂಡಿರಲಿಲ್ಲ. ಹಳ್ಯಾಳದಲ್ಲಿದ್ದ ಅವರ ಅಣ್ಣ ಅದೇ ಬೇಸಿಗೆಯಲ್ಲಿ ಕೊರೊನಾದಿಂದ ತೀರಿಕೊಂಡಿದ್ದರು, ಮುಖ ನೋಡಲಿಕ್ಕೂ ಹೋಗಲಾಗಿರಲಿಲ್ಲ. ಆ ರೋಗ ಮಗಳಿಗೆ ತಗುಲಿದರೆ ಎಂದು ನಾನು ಹೆದರಿದರೆ, ಸೂಜಿಯಿಂದ ಮಗಳಿಗೆ ಏನಾದರೂ ಆದರೆ ಎಂದು ಅವರು ಹೆದರುತ್ತಿದ್ದರು. ಊರಿಗೆಲ್ಲ ಬುದ್ಧಿ ಹೇಳುವ ಟೀಚರಿಗೆ ಸ್ವಂತ ಮನೆಯ ಒಂದು ತೋಳು ಸಿಗಲಿಲ್ಲ.

ಪಂಚಮಿ ಹಬ್ಬ ಹತ್ತಿರ ಬಂದಿತ್ತು. ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ, ಬಳೆ ವ್ಯಾಪಾರದ ಸುಗ್ಗಿ. ಒಂದು ಮಧ್ಯಾಹ್ನ ಬೂಬು ನೇರ ಅಂಗನವಾಡಿಗೆ ಬಂದಳು. ಮಕ್ಕಳಿರಲಿಲ್ಲ, ನಾನು ರೇಷನ್ ಪೊಟ್ಟಣ ಕಟ್ಟುತ್ತಿದ್ದೆ. ಮಲಾರ ಇಳಿಸಿ ಗೋಡೆಗೆ ಒರಗಿ ಕೂತಳು.

"ಟೀಚರ್, ಎರಡು ಆರಿನ ಡಬ್ಬಿ ಹಂಗ ಉಳದಾವ್ರಿ. ಎರಡು ನಾಕು ಒಂದೂ ಉಳದಿಲ್ಲ."

"ಅದಕ್ಕ ನಾ ಏನ್ ಮಾಡ್ಲಿ" ಅಂದೆ, ಸಿಟ್ಟಿನಲ್ಲೇ ಇದ್ದೆ.

"ಮುಂಡಗೋಡದಾಗೂ ಹಂಗ ಆಗೇತಿ. ಸೂಜಿ ಹಾಕಿಸ್ಕೊಂಡೋರದೂ ಒಂದ ನಂಬರ, ಹಾಕಿಸ್ಕೊಳ್ಳದೋರದೂ ಒಂದ ನಂಬರ. ನಮ್ಮ ಮನಿ ಸೊಸಿ ಇನ್ನೂ ಹಾಕಿಸ್ಕೊಂಡಿಲ್ಲ, ಆಕಿ ಕೈಯೂ ಇಳದಾವ. ಇಡೀ ತಾಲೂಕಿನ ಕೈ ಇಳದಾವ್ರಿ ಟೀಚರ್." ಸ್ವಲ್ಪ ಹೊತ್ತು ತನ್ನ ಅಂಗೈಯನ್ನೇ ನೋಡಿದಳು. "ಕೂಲಿ ಇಲ್ಲ, ಸರಿಯಾಗಿ ಊಟ ಇಲ್ಲ, ಮನೀಗೊಂದು ಸಾವು. ಎಲ್ಲಾರ ಮಾರಿ ನೋಡಿದ್ರ ನನಗ ಅವತ್ತ ತಿಳೀತಿತ್ತು. ಮಾಸ್ಕಿತ್ತಲ್ಲ. ಕೈ ಅಷ್ಟ ನೋಡಿದೆ, ತಪ್ಪು ಹೇಳಿದೆ."

ಯಾರೂ ಆಕೆಯನ್ನು ತಪ್ಪಿತಸ್ಥಳು ಅಂದಿರಲಿಲ್ಲ. ಸುಮ್ಮನಿದ್ದಿದ್ದರೆ ಹಬ್ಬದ ವ್ಯಾಪಾರ ಮುಗಿಸಿಕೊಂಡು ಮನೆ ಸೇರಬಹುದಿತ್ತು. ಆಕೆ ಬಂದದ್ದು ನನ್ನಿಂದ ಪಾಠ ಹೇಳಿಸಿಕೊಳ್ಳಲು. ಸೂಜಿಯಲ್ಲಿ ಏನಿರುತ್ತದೆ, ಜ್ವರ ಯಾಕೆ ಬರುತ್ತದೆ, ಬಸುರಿಗೆ ಹಾಕಿದರೆ ಕೂಸಿಗೆ ಏನು ಎಂದು ಒಂದೊಂದೇ ಕೇಳಿದಳು. ನನಗೆ ಗೊತ್ತಿಲ್ಲದ್ದನ್ನು ಸಿಸ್ಟರಿಗೆ ಫೋನ್ ಮಾಡಿಸಿ ಕೇಳಿದಳು. "ಈ ಸಲ ತಿಳ್ಕೊಂಡ ಹೇಳ್ತೀನಿ" ಅಂದಳು.

ನನಗೆ ಖುಷಿಯಾಯಿತು, ಕೆಲಸ ಹಗುರಾಯಿತು ಅನ್ನಿಸಿತು. "ಪಂಚಾಯ್ತಿ ಮೈಕಿನಾಗ ಒಮ್ಮೆ ಹೇಳಿಬಿಡೂಣು ಬೂಬು, ಐದು ನಿಮಿಷದ ಕೆಲಸ" ಅಂದೆ.

"ನಾ ಮೈಕಿನಾಗ ಹೇಳಿಲ್ರಿ. ಕೈ ಹಿಡದು ಹೇಳೀನಿ" ಎಂದು ಮಲಾರ ಎತ್ತಿಕೊಂಡಳು. "ಹನ್ನೊಂದು ಮನ್ಯಾಗ ಹೇಳೀನಿ. ಹನ್ನೊಂದಕ್ಕೂ ಹೋಗ್ತೀನಿ. ತೊಡಸೂಮುಂದ ಒಡದ ಬಳಿ ನಮ್ಮದ, ಅದರ ರೊಕ್ಕ ನಿಮಗ ಹಚ್ಚಂಗಿಲ್ಲಲ್ಲ, ಇದೂ ಹಂಗ."

ಹೋದಳು. ದಿನಾ ಬಸ್ಸಿಗೆ ಬಂದು ದಿನಾ ಹೋದಳು. ಕೆಲವರು ನಕ್ಕರು. ಒಬ್ಬಳು, ನಿನಗೆ ಆಸ್ಪತ್ರೆಯವರು ಸೀರೆ ಕೊಡಿಸಿದರೇನು ಎಂದು ಕೇಳಿದಳಂತೆ. ಒಂದು ಮನೆಯಲ್ಲಿ, ಸುಳ್ಳಿ, ಇನ್ನು ಮೇಲೆ ನಮ್ಮ ಬಾಗಿಲಿಗೆ ಬರಬೇಡ ಎಂದರು. ಆಕೆ ಹೇಳುವುದನ್ನು ಪೂರ್ತಿ ಹೇಳಿಯೇ ಆ ಬಾಗಿಲು ಬಿಟ್ಟಳು.

ನಮ್ಮ ಮನೆಯನ್ನು ಕೊನೆಗಿಟ್ಟುಕೊಂಡಿದ್ದಳು. ನಾದಿನಿಗೆ ಏಳನೆಯ ತಿಂಗಳು, ಕುಬುಸದ ಶಾಸ್ತ್ರಕ್ಕೆ, ಅಂದರೆ ಸೀಮಂತಕ್ಕೆ, ಹಸಿರು ಬಳೆ ಇಡಿಸಬೇಕೆಂದು ಅತ್ತೆಯೇ ಹೇಳಿಕಳಿಸಿದ್ದರು. ಮಣೆಯ ಮೇಲೆ ಮಗಳನ್ನು ಕೂರಿಸಿದ್ದಾಯಿತು. ಬೂಬು ಹಸಿರು ಬಳೆಯ ಡಬ್ಬಿ ತೆಗೆದಿಟ್ಟು, ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡು ಕೂತಳು.

"ಅವ್ವಾರ, ಸೂಜಿ ಮಾತು ನಾ ತಪ್ಪು ಹೇಳೀನ್ರಿ. ಅದನ್ನ ವಾಪಸ್ ತಗೊಂಡ ಮ್ಯಾಲ ಬಳಿ ಇಡಸ್ತೀನಿ."

ಅತ್ತೆಯ ಮುಖ ಬಿಗಿಯಿತು. "ಬಳಿ ಇಡಸಾಕ ಕರದೀನಿ, ಬುದ್ಧಿ ಹೇಳಾಕಲ್ಲ. ಅವತ್ತ ಒಂದು ಹೇಳಿದಿ, ಇವತ್ತ ಒಂದು ಹೇಳ್ತಿ. ಯಾವುದನ್ನ ಖರೆ ಅನ್ನೂದು?"

"ಅವತ್ತ ಹೇಳಿದ್ದೂ ನಾನ, ಇವತ್ತ ಹೇಳೂದೂ ನಾನ. ಅವತ್ತ ಗೊತ್ತಿರಲಿಲ್ಲ, ಇವತ್ತ ಗೊತ್ತಾಗೇತಿ."

"ಶುಭದ ಹೊತ್ತಿನಾಗ ಇದೇನ ನಿಂದು. ಇಡಸೂದಿಲ್ಲಂದ್ರ ಎದ್ದು ಹೋಗು, ಬ್ಯಾರೇದೋರನ್ನ ಕರಸ್ತೀನಿ."

ಕುಬುಸದ ಬಳೆ ಬಿಟ್ಟು ಎದ್ದು ಹೋದ ಬಳಿಗಾರ್ತಿಯನ್ನು ಈ ಸೀಮೆಯಲ್ಲಿ ಮುಂದೆ ಯಾರು ಕರೆಯುತ್ತಾರೆ. ಆಕೆ ಏಳಲಿಲ್ಲ. ಕೂತಲ್ಲಿಂದಲೇ ಮುಂದೆ ಸರಿದು, "ಹೋಗ್ತೀನಿ. ಮೊದಲ ನಿಮ್ಮ ಕೈ ಕೊಡ್ರಿ" ಅಂದಳು. ಹದಿನೈದು ಇಪ್ಪತ್ತು ವರ್ಷದ ರೂಢಿ, ಅತ್ತೆ ಯೋಚಿಸದೆ ಕೈ ಚಾಚಿಬಿಟ್ಟರು. ಬೂಬು ಚೀಲದಿಂದ ಎರಡು ಆರಿನ ಒಂದು ಬಳೆ ತೆಗೆದಳು. ಅತ್ತೆಯ ಅಳತೆ ಅದೇ, ಸೋಪಿನ ನೀರಿಲ್ಲದೆ ಏರುತ್ತಿರಲಿಲ್ಲ. ಈಗ ಬೆರಳ ತುದಿಗೆ ಇಟ್ಟು ಬಿಟ್ಟರೆ ತಾನಾಗಿ ಮಣಿಕಟ್ಟಿಗೆ ಜಾರಿತು. ಕೈ ಕೆಳಗೆ ಮಾಡಿದರೆ ನೆಲಕ್ಕೆ ಬೀಳುವ ಹಾಗಿತ್ತು.

"ನೀವು ಸೂಜಿ ಹಾಕಿಸ್ಕೊಂಡಿಲ್ಲ ಅವ್ವಾರ. ಮತ್ತ ನಿಮ್ಮ ರಕ್ತ ಎಲ್ಲಿ ಹೋತ್ರಿ?"

ಅತ್ತೆ ಬಳೆಯನ್ನೇ ನೋಡುತ್ತ ಕೂತರು. ಬೂಬು ಎರಡು ಮಾರು ಹಿಂದೆ ಸರಿದು, "ಆ ಮಾಸ್ಕ್ ಸ್ವಲ್ಪ ತಗೀರಿ" ಅಂದಳು. ಅತ್ತೆ ತೆಗೆದರು. ದಿನಾ ಒಂದೇ ಮನೆಯಲ್ಲಿ ಉಣ್ಣುವ ನಾನೂ ಆವತ್ತೇ ಸರಿಯಾಗಿ ನೋಡಿದ್ದು. ಕೆನ್ನೆ ಒಳಗೆ ಹೋಗಿದ್ದವು.

"ನಮ್ಮಣ್ಣ ಹ್ವಾದಾಗಿಂದ ಊಟ ಸೇರವಲ್ತು" ಅಂದರು ಅತ್ತೆ. ಅಣ್ಣ ತೀರಿದ ಮೇಲೆ ಅವರು ಆ ವಿಷಯ ಎತ್ತಿದ್ದು ಅದೇ ಮೊದಲು. "ಮಣ್ಣಿಗೂ ಹೋಗಾಕ ಆಗಲಿಲ್ಲ."

"ಅದನ್ನ ಹೇಳಾಕ ಬಂದೀನ್ರಿ" ಅಂದಳು ಬೂಬು. "ದುಕ್ಕಕ್ಕ ಇಳದ ಕೈ ಅವು. ನಾನು ಸೂಜಿ ಮ್ಯಾಲ ಹಾಕಿದೆ."

ಅತ್ತೆ ಅತ್ತರು, ನಾದಿನಿಯೂ ಅತ್ತಳು, ನಾನು ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡೆ. ಹೊರಗೆ ಬಂದಾಗ ಹಸಿರು ಬಳೆ ಒಂದೊಂದಾಗಿ ಏರುತ್ತಿದ್ದವು. ಶಾಸ್ತ್ರ ಮುಗಿದು, ಮಗಳು ಬೂಬುವಿಗೆ ನಮಸ್ಕಾರ ಮಾಡಿದ ಮೇಲೆ, ಅತ್ತೆ ನನ್ನ ಕಡೆ ತಿರುಗದೆಯೇ, "ನಿಮ್ಮ ಸಿಸ್ಟರ್ ಯಾವಾಗ ಬರ್ತಾಳ ಕೇಳು, ಇಬ್ಬರಿಗೂ ಹಾಕಲಿ" ಅಂದರು. ಆ ವಾರವೇ ತಾಯಿ ಮಗಳು ಜೊತೆಯಾಗಿ ಹಾಕಿಸಿಕೊಂಡರು. ಆ ಕೂಸು ಈಗ ತನ್ನ ಊರಿನ ಅಂಗನವಾಡಿಗೆ ಹೋಗುತ್ತಿದೆ.

ಆವತ್ತು ಸಂಜೆ ಬೂಬುವನ್ನು ಬಸ್ಸಿಗೆ ಬಿಡಲು ನಾನೇ ಹೋದೆ, ಚೀಲ ಹಿಡಿದುಕೊಂಡು. ಮನಸ್ಸು ತುಂಬಿತ್ತು. "ನಿಮ್ಮಂಗ ಮನಿಮನಿಗೆ ಹೋಗಿ ತಪ್ಪು ಒಪ್ಪಿಕೊಳ್ಳೋರನ್ನ ನಾ ನೋಡಿಲ್ಲ ಬೂಬು" ಅಂದೆ.

ಆಕೆ ದಾರಿ ನೋಡುತ್ತಲೇ ನಡೆಯುತ್ತ, ಬಳೆಯ ಅಳತೆ ಕೇಳುವ ದನಿಯಲ್ಲಿ ಕೇಳಿದಳು: "ನಂದು ಹನ್ನೊಂದು ಮನಿ ಮುಗದ್ವು. ನಿಮ್ಮದು ಎಷ್ಟು ಮನಿ ಅದಾವ್ರಿ ಟೀಚರ್?"

ಆಕೆಗೆ ಗೊತ್ತಿತ್ತು. ನಲ್ಲಿಯ ಹತ್ತಿರ ನಾನು ಆಡಿದ ಮಾತು ಯಾವ ದಾರಿಯಿಂದಲೋ ಆಕೆಗೆ ಮುಟ್ಟಿತ್ತು, ಗೊತ್ತಿದ್ದೇ ಅಷ್ಟು ದಿನ ನನ್ನ ಕೈ ಹಿಡಿದು ಬಳೆ ಇಡಿಸಿದ್ದಳು. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಬಸ್ಸು ಬಂತು, ಚೀಲ ತೆಗೆದುಕೊಂಡು ಹತ್ತಿದಳು.

ಅದರ ನಂತರ ಈ ಮಾತು ಆಕೆ ಮತ್ತೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಫೋನಿನ ಗುಂಪಿನಲ್ಲಿ ಬರೆಯೋಣ ಎಂದು ಮೂರು ಸಲ ಬರೆದು ಮೂರು ಸಲ ಅಳಿಸಿದೆ. ಹೇಗೂ ಎಲ್ಲರೂ ಮರೆತಿದ್ದಾರೆ ಎಂದು ಸಮಾಧಾನ ಹೇಳಿಕೊಂಡೆ. ಆಕೆ ವಾರವಾರ ಬರುತ್ತಿದ್ದಳು, ಕೆಳಗಿನ ಓಣಿಯ ಬಾಯಿಗೆ ಬಂದು ಅಲ್ಲಿಂದಲೇ ತಿರುಗುತ್ತಿದ್ದಳು. ಇಷ್ಟು ವರ್ಷ ಅದನ್ನು ನೋಡುತ್ತ ನಾನು ಅಂಗನವಾಡಿಯ ಬಾಗಿಲಲ್ಲಿ ನಿಂತಿದ್ದೆ. ಈಗ ತೀರಿಕೊಂಡಳು. ಮಣ್ಣಾದ ಮರುದಿನ ಮುಂಡಗೋಡದ ಮನೆಗೆ ಹೋಗಿ ಸೊಸೆಯ ಹತ್ತಿರ ಎಲ್ಲ ಹೇಳಿದೆ. ಆ ಹುಡುಗಿ ಕೇಳಿಕೊಂಡು ಚಹಾ ಕೊಟ್ಟಳು. ಅದರಿಂದ ನನ್ನ ಲೆಕ್ಕ ಮುಗಿಯಲಿಲ್ಲ, ಆ ಮಾತನ್ನು ನಾನು ಆಡಿದ್ದು ಆಕೆಯ ಮನೆಯಲ್ಲಲ್ಲ, ಕೆಳಗಿನ ಓಣಿಯವರ ಮುಂದೆ.

ಹೋದ ವಾರದಿಂದ ಕೆಳಗಿನ ಓಣಿಗೆ ಹೋಗುತ್ತಿದ್ದೇನೆ. ಮೊದಲನೆಯ ಮನೆಯಲ್ಲಿ ನಕ್ಕರು. ಎರಡನೆಯ ಮನೆಯ ಯಜಮಾನ, ವಿಡಿಯೋ ಖರೆ ಇತ್ತು, ಬೇಕಾದರೆ ಹುಡುಕಿ ತೋರಿಸುತ್ತೇನೆ ಎಂದು ಜಗಳಕ್ಕೆ ಬಂದ. ಸೋಪಿನ ನೀರಿನ ವಿಷಯ ಪೂರ್ತಿ ಹೇಳಿಯೇ ಎದ್ದೆ.

ಮೂರನೆಯದು ನನ್ನ ವಾರಿಗೆಯವಳ ಮನೆ. ನಲ್ಲಿಯ ಹತ್ತಿರ ಆ ದಿನ ನನ್ನ ಪಕ್ಕದಲ್ಲೇ ಕೊಡ ಹಿಡಿದು ನಿಂತವಳು. ವಿಡಿಯೋದ ಮಾತು ತೆಗೆದರೆ ಕಣ್ಣು ಕಿರಿದು ಮಾಡಿ ನೆನಪು ಮಾಡಿಕೊಂಡಳು.

"ಯಾವ ವಿಡಿಯೋ ಟೀಚರ್? ನನಗ ಏನೂ ನೆನಪಿಲ್ರಿ."

"ಮತ್ತ ಬೂಬು ಕಡೆ ಬಳಿ ಇಡಿಸ್ಕೊಳ್ಳೂದು ಯಾಕ ಬಿಟ್ಟಿ?"

ಆಕೆ ತನ್ನ ಕೈ ನೋಡಿಕೊಂಡಳು. ಅಂಗಡಿಯಿಂದ ತಂದ ಪ್ಲಾಸ್ಟಿಕ್ ಬಳೆ ಇದ್ದವು. ನಿಜವಾಗಿಯೂ ಯೋಚನೆ ಮಾಡಿದಳು, ನನ್ನಿಂದ ಏನನ್ನೂ ಮುಚ್ಚಿಡುತ್ತಿರಲಿಲ್ಲ.

"ಯಾಕ ಅಂತ ಗೊತ್ತಿಲ್ಲ ನೋಡ್ರಿ. ಎಲ್ಲಾರೂ ಬಿಟ್ರು, ನಾವೂ ಬಿಟ್ವಿ. ಪಾಪ, ಆಕಿದೇನು ತಪ್ಪಿತ್ತು?"

ಯಾಕೆ ಅಂತ ನಾನು ಆಕೆಯ ಕೈ ಹಿಡಿದುಕೊಂಡು ಮೊದಲಿನಿಂದ ಹೇಳಿದೆ. ಇನ್ನೂ ಹದಿನಾಲ್ಕು ಮನೆ ಇವೆ.